ತೋಳ ಕಂಡ ಹೆಂಗಸು ಯಾಕೆ ಓಡಲಿಲ್ಲ

ಗೊತ್ತಿಲ್ಲದ ಪ್ರಶ್ನೆ ಬಂದರೆ ಹೆದರುವವರನ್ನು ಎಲ್ಲರೂ ಕಂಡಿದ್ದಾರೆ. ಗೊತ್ತಿರುವ ಪ್ರಶ್ನೆ ಬಂತೆಂದು ಬೆವರಿದವಳು ಸೊರಟೂರಿನ ದುರ್ಗಾ ಒಬ್ಬಳೇ ಇರಬೇಕು. ಸರಕಾರಿ ನೌಕರಿಯ ಪರೀಕ್ಷೆ, ಗದಗಿನ ಕಾಲೇಜೊಂದರ ಕೋಣೆ, ಡಿಸೆಂಬರಿನ ಮಧ್ಯಾಹ್ನ, ತಲೆಯ ಮೇಲೆ ಕ್ಯಾಮೆರಾ. ಬಾಗಿಲಲ್ಲೇ ಕಿವಿಯೋಲೆ ಬಿಚ್ಚಿಸಿ, ಜಡೆ ಮುಟ್ಟಿ ನೋಡಿ ಒಳಗೆ ಬಿಟ್ಟಿದ್ದರು. ಇಂಗ್ಲಿಷ್ ಪತ್ರಿಕೆಯಲ್ಲಿ ವ್ಯಾಕರಣ ಮುಗಿಸಿ, ಪದಗಳ ಅರ್ಥ ಮುಗಿಸಿ, ಗದ್ಯ ಓದಿ ಉತ್ತರಿಸುವ ಕೊನೆಯ ಪುಟಕ್ಕೆ ಬಂದಿದ್ದಳು.

ಒಂದು ಹಳ್ಳಿಯಲ್ಲಿ ಒಬ್ಬ ಹೆಂಗಸು ಹೊಲದ ಬದುವಿನಲ್ಲಿ ಮೂರು ಆಡು ಮೇಯಿಸುತ್ತಿದ್ದಳು ಎಂದು ಮೊದಲ ಸಾಲು ಹೇಳುತ್ತಿತ್ತು. ನಮ್ಮವ್ವನ ಹಾಗೇ ಇದ್ದಾಳಲ್ಲ ಎಂದುಕೊಂಡಳು. ಎರಡನೆಯ ಸಾಲಿಗೆ ತೋಳ ಬಂತು. ಹೆಂಗಸು ಓಡಲಿಲ್ಲ, ಕೂಗಲಿಲ್ಲ, ನಿಂತಲ್ಲೇ ನಿಂತು ಅದನ್ನು ನೋಡಿದಳು, ಸ್ವಲ್ಪ ಹೊತ್ತಿಗೆ ತೋಳವೇ ತಿರುಗಿ ಹೋಯಿತು. ಅಷ್ಟು ಹೊತ್ತಿಗೆ ದುರ್ಗಾಳ ಬೆನ್ನಿನ ಮೇಲೆ ಬೆವರು ಇಳಿಯತೊಡಗಿತ್ತು. ಇದು ಅವ್ವನ ಹಾಗಿನ ಹೆಂಗಸಲ್ಲ, ಅವ್ವನೇ. ಈ ಸಾಲುಗಳನ್ನು ಹತ್ತು ತಿಂಗಳ ಹಿಂದೆ ದುರ್ಗಾ ತನ್ನ ಕೈಯಾರೆ ಬರೆದಿದ್ದಳು.

ಅದಾದದ್ದು ಬೆಟಗೇರಿಯಲ್ಲಿ ವೀರೇಶ ಸರ್ ನಡೆಸುವ ಕೋಚಿಂಗ್ ಕ್ಲಾಸಿನಲ್ಲಿ. ಕೆಳಗೆ ಮಗ್ಗ, ಮೇಲೆ ಮಾಳಿಗೆಯಲ್ಲಿ ಹದಿನೆಂಟು ಜನರ ಇಂಗ್ಲಿಷ್. ಲಕ್ಷ್ಮೇಶ್ವರದ ಈ ವೀರೇಶನಿಗೆ ತನ್ನದೇ ಒಂದು ಪದ್ಧತಿ ಇತ್ತು. ಗೈಡಿನಲ್ಲಿರುವ ಹಿಮದ ಕಥೆ, ಹಡಗಿನ ಕಥೆ ಓದಿ ನಮ್ಮವರಿಗೆ ಏನೂ ತಲೆಗೆ ಹತ್ತುವುದಿಲ್ಲ ಎಂದು ಅವನ ವಾದ. ಹಾಗಾಗಿ ವಾರಕ್ಕೊಬ್ಬರು ತಮ್ಮ ಮನೆಯ, ತಮ್ಮ ಊರಿನ ಒಂದು ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ಕೆಳಗೆ ಐದು ಪ್ರಶ್ನೆ, ಪ್ರಶ್ನೆಗೆ ನಾಲ್ಕು ಆಯ್ಕೆ. ಉಳಿದವರು ಅದನ್ನು ಬಿಡಿಸಬೇಕು. ಮುಂಡರಗಿಯ ಸುಶ್ಮಿತಾ, ದುರ್ಗಾಳ ಕೋಣೆಯಲ್ಲೇ ಇರುವ ಹುಡುಗಿ, ಕೆಟ್ಟು ನಿಂತ ಬಸ್ಸಿನ ಕಥೆ ಬರೆದಿದ್ದಳು. ದುರ್ಗಾ ಅವ್ವನ ತೋಳದ ಕಥೆ ಬರೆದಳು.

ತೋಳ ತಿರುಗಿ ಹೋದ ಆ ದಿನದಿಂದಲೇ ಅವ್ವ ಸೊರಟೂರಿನಲ್ಲಿ ತೋಳದ ಕರೆವ್ವ ಆಗಿದ್ದಳು. ಏನು ಗುಂಡಿಗೆ ಅಂತೀನಿ ಎಂದು ಊರಿನವರು ಇಂದಿಗೂ ಹೇಳುತ್ತಾರೆ. ಆದರೆ ಒಳಗಿನ ಮಾತು ದುರ್ಗಾಳಿಗೆ ಮಾತ್ರ ಗೊತ್ತು. ಅವಳು ಐದನೇ ಇಯತ್ತೆಯಲ್ಲಿದ್ದಾಗ ಇಂಗ್ಲಿಷ್ ಮಾಸ್ತರರು ಎದ್ದು ನಿಲ್ಲಿಸಿ ಓದಿಸುತ್ತಾರೆಂದು ಅಂಜಿ ಜ್ವರ ಬಂದು ಮಲಗಿದ್ದಳು. ಆಗ ಅವ್ವ ಪಕ್ಕದಲ್ಲಿ ಕೂತು, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡು, ನಾನೂ ಆ ದಿನ ಹೆದರಿ ಮರಗಟ್ಟಿ ಹೋಗಿದ್ದೆ, ಕಾಲು ಕಿತ್ತಿಡಲು ಆಗಲಿಲ್ಲ, ಅದಕ್ಕೇ ಓಡಲಿಲ್ಲ ಎಂದಿದ್ದಳು. ಅಂದಿನಿಂದ ದುರ್ಗಾ ಎಲ್ಲಿ ಹೆದರಿದರೂ ಒಂದು ಸಮಾಧಾನ ಇರುತ್ತಿತ್ತು. ನಾನು ಅವ್ವನ ಮಗಳು, ನಮ್ಮ ರಕ್ತವೇ ಹೀಗೆ.

ಅದಕ್ಕೇ ಅವಳು ಮೂರನೆಯ ಪ್ರಶ್ನೆಯಾಗಿ, ಹೆಂಗಸು ಯಾಕೆ ಓಡಲಿಲ್ಲ ಎಂದು ಕೇಳಿದ್ದಳು. ತೋಳವನ್ನು ಅವಳು ನೋಡಲಿಲ್ಲ, ಅವಳು ಧೈರ್ಯವಂತೆ, ಅವಳು ಭಯದಿಂದ ಅಲುಗಾಡಲಾರದಾದಳು, ಆಡುಗಳು ದೂರ ಇದ್ದವು ಎಂದು ನಾಲ್ಕು ಆಯ್ಕೆ. ಕ್ಲಾಸಿನಲ್ಲಿ ಹದಿನೇಳು ಜನ ಧೈರ್ಯ ಎಂದರು, ಅವಳು ಭಯ ಎಂದಳು. ವೀರೇಶ ನಕ್ಕು, ಬರೆದವರು ನೀವು, ನಿಮ್ಮ ಉತ್ತರವೇ ಸರಿ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಕೆಳಗೆ ಸಹಿ ಮತ್ತು ತಾರೀಖು ಬರೆದುಕೊಟ್ಟಿದ್ದ.

ಈಗ ಅದೇ ಹೆಂಗಸು, ಅದೇ ತೋಳ, ಅದೇ ಮೂರನೆಯ ಪ್ರಶ್ನೆ ಸರಕಾರದ ಮೊಹರಿನ ಪತ್ರಿಕೆಯಲ್ಲಿ ಅಚ್ಚಾಗಿ ಮೇಜಿನ ಮೇಲೆ ಕೂತಿದ್ದವು. ದುರ್ಗಾಳಿಗೆ ಮೂವತ್ತೆಂಟು ಮುಗಿಯುತ್ತ ಬಂದಿತ್ತು, ವಯಸ್ಸಿನ ಮಿತಿಯ ಪ್ರಕಾರ ಇದೇ ಅವಳ ಕಡೆಯ ಪರೀಕ್ಷೆ. ಖುಷಿಪಡಬೇಕಾದ ಹೊತ್ತು ಅದು. ಆದರೆ ಪತ್ರಿಕೆ ಸೋರಿಕೆಯ ಸುದ್ದಿಗಳನ್ನು ಅವಳೂ ಓದಿದ್ದಳು. ಪೊಲೀಸರ ವ್ಯಾನಿನಲ್ಲಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂತ ಹುಡುಗಿಯರ ಫೋಟೋ ನೋಡಿದ್ದಳು. ಪರೀಕ್ಷೆಗೆ ಮುಂಚೆಯೇ ನಿನ್ನ ನೋಟಬುಕ್ಕಿನಲ್ಲಿ ಇದು ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ನಾನೇ ಬರೆದದ್ದು ಎಂದರೆ ಯಾರು ನಂಬುತ್ತಾರೆ? ಮೇಲ್ವಿಚಾರಕಿ ಹತ್ತಿರ ಬಂದು ನಿಂತಾಗ ಅವಳು ಉತ್ತರದ ಹಾಳೆಯನ್ನು ಅಂಗೈಯಿಂದ ಮುಚ್ಚಿದಳು. ಆ ಮೇಡಂ ಸುಮ್ಮನೆ ಸಮಯ ಹೇಳಿ ಹೋದರು. ದುರ್ಗಾ ಮೂರನೆಯ ಪ್ರಶ್ನೆಗೆ ಭಯ ಎಂಬ ವೃತ್ತವನ್ನು ತುಂಬಿದಳು.

ಹೊರಗೆ ಬಂದರೆ ಸುಶ್ಮಿತಾ ಕುಣಿಯುತ್ತಿದ್ದಳು. ಅಕ್ಕಾ ನಿನ್ನ ತೋಳ ಬಂತು ಎಂದು ಅಷ್ಟು ಜನರ ನಡುವೆ ಹೇಳಹೊರಟವಳ ಕೈಯನ್ನು ದುರ್ಗಾ ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಹುಡುಗಿ ನೋವಿಗೆ ಸುಮ್ಮನಾದಳು. ಇಬ್ಬರೂ ಆಟೋ ಹಿಡಿದು ಬೆಟಗೇರಿಯ ಮಾಳಿಗೆಗೆ ಹೋದರೆ ಉಳಿದವರು ಆಗಲೇ ಸೇರಿದ್ದರು.

ವೀರೇಶನ ಮುಖ ಬಿಳಿಚಿಕೊಂಡಿತ್ತು. ಬಾಗಿಲು ಹಾಕಿ, ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ ಇದ್ದದ್ದನ್ನು ಹೇಳಿದ. ಎಂಟು ತಿಂಗಳ ಹಿಂದೆ ಪರವೂರಿನ ಒಬ್ಬರು ಗೈಡು ಮಾಡುತ್ತೇವೆಂದು ಇವರ ಗದ್ಯಗಳನ್ನೆಲ್ಲ ಒಯ್ದಿದ್ದರು. ಗೈಡು ಬರಲೇ ಇಲ್ಲ. ಒಯ್ದವರ ಫೋನು ಮಧ್ಯಾಹ್ನದಿಂದ ಬಂದ್ ಆಗಿತ್ತು. ಯಾರ ಕೈಯಿಂದ ಯಾರ ಕೈಗೆ ಹೋಯಿತೋ, ಪ್ರಶ್ನೆ ತೆಗೆಯುವವರು ಮೈಗಳ್ಳತನಕ್ಕೆ ಅದನ್ನೇ ಎತ್ತಿಕೊಂಡರೋ, ಬೇರೆ ಏನಾದರೂ ಇತ್ತೋ, ಅವನಿಗೂ ತಿಳಿಯದು. ಅವನಿಗೆ ತಿಳಿದದ್ದು ಒಂದೇ. ಹೊರಗೆ ಬಿದ್ದರೆ ಮೊದಲು ಹಿಡಿಯುವುದು ದೊಡ್ಡವರನ್ನಲ್ಲ, ಈ ಮಾಳಿಗೆಯವರನ್ನು.

"ಆ ಪುಟ ಎಲ್ಲಾರೂ ಹರದ ಒಗೀರಿ," ಎಂದ. "ಈಗ, ನನ್ನ ಎದುರಿಗೆ."

ಹದಿನೇಳು ಪುಟಗಳು ಹರಿದವು. ತನ್ನ ನೋಟಬುಕ್ಕು ಊರಿನಲ್ಲಿದೆ ಎಂದು ದುರ್ಗಾ ಸುಳ್ಳು ಹೇಳಿದಳು. ಅದು ಅವಳ ಚೀಲದಲ್ಲೇ ಇತ್ತು. ಯಾಕೆ ಹೇಳಿದಳೆಂದು ಅವಳಿಗೇ ಗೊತ್ತಿರಲಿಲ್ಲ. ಅವ್ವನ ಬಗ್ಗೆ ಅವಳು ಬರೆದ ಒಂದೇ ಒಂದು ಪುಟ ಅದು, ಕೈ ಬರಲಿಲ್ಲ.

ಮುಂದಿನ ನಾಲ್ಕು ವಾರ ಅವಳು ಬಾಳಿದ್ದು ಬಾಳಲ್ಲ. ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿಯಲ್ಲಿ ಅವಳಿಗೆ ಅರ್ಧ ದಿನದ ಕೆಲಸ. ಖಾಕಿ ಬಟ್ಟೆಯವರು ಯಾರಾದರೂ ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಬಂದರೂ ಮುಖ ಎತ್ತದೆ ಪ್ರತಿ ತೆಗೆದು, ಚಿಲ್ಲರೆ ಎಣಿಸದೆ ಕೊಡುತ್ತಿದ್ದಳು. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತುತ್ತಿರಲಿಲ್ಲ. ಪುಟವನ್ನು ನೋಟಬುಕ್ಕಿನಿಂದ ಬಿಡಿಸಿ ಒಮ್ಮೆ ಅಕ್ಕಿ ಡಬ್ಬಿಯಲ್ಲಿ ಇಟ್ಟಳು, ಒಮ್ಮೆ ದೇವರ ಫೋಟೋದ ಹಿಂದೆ, ಒಮ್ಮೆ ಹಾಸಿಗೆಯ ಕೆಳಗೆ. ಏನು ಹುಡುಕುತ್ತೀ ಎಂದು ಸುಶ್ಮಿತಾ ಕೇಳಿದರೆ ಇರುವೆ ಬಂದಿವೆ ಎಂದಳು.

ಜನವರಿಯಲ್ಲಿ ಕೀ ಉತ್ತರಗಳು ಬಂದವು. ಹೆಂಗಸು ಯಾಕೆ ಓಡಲಿಲ್ಲ ಎಂಬುದಕ್ಕೆ ಸರಿಯುತ್ತರ, ಅವಳು ಧೈರ್ಯವಂತೆ.

ದುರ್ಗಾ ಮೂರು ಸಲ ಕೂಡಿಸಿದಳು. ಹೋದ ಸಲ ಆಯ್ಕೆಯ ಪಟ್ಟಿಯ ಕೊನೆಯ ಹೆಸರಿಗೆ ಬಂದಷ್ಟು ಅಂಕಕ್ಕೆ ಅವಳಿಗೆ ಒಂದು ಕಡಿಮೆ. ಆ ಒಂದು ಪ್ರಶ್ನೆ ಸರಿಯಾಗಿದ್ದರೆ ಆ ಒಂದೂ ಬರುತ್ತಿತ್ತು, ತಪ್ಪುತ್ತರಕ್ಕೆಂದು ಕತ್ತರಿಸಿದ ಕಾಲು ಅಂಕವೂ ಉಳಿಯುತ್ತಿತ್ತು. ಅವ್ವನ ಬಗ್ಗೆ, ಅವ್ವನ ಮಗಳಿಗೆ ಗೊತ್ತಿದ್ದದ್ದು ತಪ್ಪು, ಎಲ್ಲೋ ಕೂತವರು ಹೇಳಿದ್ದು ಸರಿ. ಭಯದ ಜೊತೆಗೆ ಅವಳಿಗೆ ಸಿಟ್ಟೂ ಬಂತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ.

ಆಕ್ಷೇಪಣೆ ಸಲ್ಲಿಸಲು ಸೋಮವಾರ ಸಂಜೆ ಐದೂವರೆಯ ತನಕ ಸಮಯ ಇತ್ತು. ಆಧಾರ ಏನಿದ್ದರೂ ಜೋಡಿಸಬೇಕು. ವೀರೇಶನನ್ನು ಕೇಳಿದಳು. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ನಿಮ್ಮ ಮಾತ ಕೇಳಿ ಹದಿನೆಂಟೂ ಮಂದಿ ತಪ್ಪ ಬರದೀರಿ. ಅದ ನಮ್ಮನ್ನ ಉಳಸೈತ್ರಿ. ಪೇಪರ ಮೊದಲ ಸಿಕ್ಕಾವ್ರು ತಪ್ಪ ಬರೀತಾರೇನು? ಈಗ ನಾನ ಬರದಾಕಿ ಅಂತ ನೀವ ಹೋದ್ರ, ಎಲ್ಲಾರೂ ಹೋದಂಗ."

ಅವನು ಹೇಳಿದ್ದು ಸುಳ್ಳಲ್ಲ. ಸುಶ್ಮಿತಾಳಿಗೆ ಆ ಒಂದು ಅಂಕ ಹೋದರೂ ಕೆಲಸ ಸಿಗುವಷ್ಟು ಅಂಕ ಇತ್ತು. ದುರ್ಗಾ ಬಾಯಿಬಿಟ್ಟರೆ ಆ ಹುಡುಗಿಯ ಹೆಸರೂ ಹೋಗುತ್ತದೆ. ಬಿಡದಿದ್ದರೆ ದುರ್ಗಾ ಉಳಿದ ಆಯುಷ್ಯವನ್ನು ಝೆರಾಕ್ಸ್ ಮಷಿನಿನ ಮುಂದೆ ಕಳೆಯಬೇಕು. ಭಾನುವಾರ ಇಡೀ ದಿನ ಅವಳು ಊಟ ಮಾಡಲಿಲ್ಲ. ಪುಟ ಹರಿಯಲೂ ಆಗಲಿಲ್ಲ, ಕಳಿಸಲೂ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಒಂದು ದಾರಿ ಹೊಳೆಯಿತು. ಪುಟವನ್ನು ತೋರಿಸುವುದೇ ಬೇಡ. ಸೊರಟೂರಿಗೆ ಹೋಗಿ ಅವ್ವನ ಬಾಯಿಂದಲೇ ಹೇಳಿಸಿ ಮೊಬೈಲಿನಲ್ಲಿ ಹಿಡಿದುಕೊಳ್ಳುವುದು. ಈ ಸಂಗತಿ ನಮ್ಮ ಊರಿನಲ್ಲಿ ನಡೆದದ್ದು, ಎಲ್ಲರಿಗೂ ಗೊತ್ತು, ಯಾರೋ ಕೇಳಿ ಬರೆದಿರಬೇಕು, ಇಗೋ ಆ ಹೆಂಗಸು ತಾನೇ ಹೇಳುತ್ತಿದ್ದಾಳೆ ನಾನು ಅಂಜಿದ್ದೆ ಎಂದು. ಪರೀಕ್ಷೆಯ ಕಚೇರಿಗೆ ತೋಳ ಕಂಡ ಹೆಂಗಸನ್ನೇ ಸಾಕ್ಷಿಗೆ ಕಳಿಸುವ ಈ ಉಪಾಯ ಎಂಥದ್ದೆಂದು ಯಾರಾದರೂ ಹೇಳಬಹುದಿತ್ತು. ಆದರೆ ಮುಳುಗುತ್ತಿರುವವಳು ಕೈಗೆ ಸಿಕ್ಕದ್ದನ್ನು ಹಿಡಿಯುತ್ತಾಳೆ. ಎರಡು ಗಂಟೆಯ ಬಸ್ಸಿಗೆ ತಿರುಗಿ ಬಂದರೆ ಅಂಗಡಿಯ ಕಂಪ್ಯೂಟರಿನಲ್ಲಿ ಕೂತು ಐದರೊಳಗೆ ಕಳಿಸಬಹುದು ಎಂದು ಲೆಕ್ಕ ಹಾಕಿ ಹತ್ತರ ಬಸ್ಸು ಹತ್ತಿದಳು.

ಕರೆವ್ವ ಹೊಲದಲ್ಲಿ ಕಡಲೆ ಗಿಡದ ಕುಡಿ ಚಿವುಟುತ್ತಿದ್ದಳು. ಮಗಳು ಸೋಮವಾರ ಬಂದದ್ದು ನೋಡಿ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿದಳು. ಕಡಲೆಯ ಹುಳಿ ಹತ್ತಿದ ಬೆರಳು ತಣ್ಣಗಿತ್ತು. ದುರ್ಗಾ ಆಡಿನ ಕಥೆ, ತೋಳದ ಕಥೆ ಇನ್ನೊಮ್ಮೆ ಹೇಳು ಎಂದಳು. ಯಾಕೆ ಎಂದರೆ, ಪರೀಕ್ಷೆಯಲ್ಲಿ ಬಂದಿತ್ತು ಎಂದಳು. ತನ್ನ ಕಥೆ ಸರಕಾರದ ಪತ್ರಿಕೆಯಲ್ಲಿ, ಅದೂ ಇಂಗ್ಲಿಷಿನಲ್ಲಿ ಬಂದದ್ದು ಕೇಳಿ ಕರೆವ್ವ ಸೆರಗು ಸರಿಮಾಡಿಕೊಂಡು ಬದುವಿನ ಮೇಲೆ ಕೂತಳು. ಮಗಳು ಮೊಬೈಲು ಹಿಡಿದಳು.

ತೋಳ ಬಂದದ್ದು, ಆಡುಗಳು ಒಂದಕ್ಕೊಂದು ಅಂಟಿ ನಿಂತದ್ದು ಎಲ್ಲ ಹೇಳಿ ಆಯಿತು. ಕಡೆಗೆ ದುರ್ಗಾ ಕೇಳಬೇಕಾದದ್ದನ್ನು ಕೇಳಿದಳು.

"ಯವ್ವಾ, ನೀ ಯಾಕ ಓಡಲಿಲ್ಲ? ಖರೆ ಖರೆ ಹೇಳು."

"ಯಾಕ ಓಡ್ಲಿ?" ಎಂದಳು ಕರೆವ್ವ. "ಅದರ ಹಿಂದಿನ ತಿಂಗಳ ನನ್ನ ಎರಡ ಮರಿ ಒಯ್ದಿತ್ತು ಅದು. ನನ್ನ ಕೈಯಾಗ ಕುಡಗೋಲ ಇತ್ತು. ಬಾ, ಇವತ್ತ ಬಾ ಅಂತ ನಿಂತಿದ್ದೆ. ಅದ ಅಂಜಿ ಹೋತು."

ದುರ್ಗಾಳಿಗೆ ಕೇಳಿಸಿದರೂ ತಿಳಿಯಲಿಲ್ಲ. ಕಾಲು ಕಿತ್ತಿಡಲು ಆಗಲಿಲ್ಲ ಎಂದು ನನಗೆ ಹೇಳಿದ್ದೆಯಲ್ಲ, ಆಣೆ ಹಾಕಿಸಿಕೊಂಡಿದ್ದೆಯಲ್ಲ ಎಂದಳು.

ಕರೆವ್ವ ಆ ದಿನವನ್ನು ನೆನಪು ಮಾಡಿಕೊಂಡಳು. ಆಮೇಲೆ ನಕ್ಕಳು.

"ಅಯ್ಯ, ಅದನ್ನ ಇನ್ನೂ ಹಿಡಕೊಂಡ ಕುಂತೀಯೇನು? ಮಾಸ್ತರಗ ಅಂಜಿ ಜ್ವರಾ ಬಂದ ಮಲಗಿದ್ದಿ ನೀನು. ಅವ್ವ ತ್ವಾಳಕ್ಕ ಅಂಜಲಿಲ್ಲ, ನಾ ಒಬ್ಬಾಕಿನ ಅಂಜಬುರಕಿ ಅಂತ ನಿನಗ ಅನಸಬಾರ್ದು ಅಂತ ಹಂಗ ಹೇಳಿದ್ದೆ. ನಾನೂ ಅಂಜಿದ್ದೆ ಅಂದ್ರ ಕೂಸಿಗೆ ಒಂದ ಜೊತಿ ಆಕ್ಕೈತಿ ಅಂತ."

ದುರ್ಗಾ ಮೊಬೈಲನ್ನು ತೊಡೆಯ ಮೇಲೆ ಇಳಿಸಿದಳು. ಕೀ ಉತ್ತರ ಸರಿಯಾಗಿತ್ತು. ಎಲ್ಲೋ ಕೂತವರು ಅವ್ವನನ್ನು ಸರಿಯಾಗಿ ಓದಿದ್ದರು, ಅವ್ವನ ಮಾತನ್ನು ಇಪ್ಪತ್ತೆಂಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದವಳು ತಪ್ಪು ಓದಿದ್ದಳು. ಇನ್ನು ಆಕ್ಷೇಪಣೆ ಎಲ್ಲಿಯದು. ಅದಕ್ಕಿಂತ ಅವಳಿಗೆ ದೊಡ್ಡದಾಗಿ ಕಂಡದ್ದು ಬೇರೆ. ಪರೀಕ್ಷೆಯ ಕೋಣೆಯಲ್ಲಿ, ಅಂಗಡಿಯಲ್ಲಿ, ಇಷ್ಟು ವರ್ಷ ಎಲ್ಲ ಕಡೆ ಹೆದರುವಾಗ ಜೊತೆಗೆ ಅವ್ವ ಇದ್ದಾಳೆಂದು ನಂಬಿದ್ದಳು. ಯಾರೂ ಇರಲಿಲ್ಲ. ಈ ಹೆದರಿಕೆ ಅವಳೊಬ್ಬಳದೇ ಆಗಿತ್ತು.

ಊರಿನ ಕಡೆಯಿಂದ ಎರಡು ಗಂಟೆಯ ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಏಳಲಿಲ್ಲ.

ಕರೆವ್ವ ಮಗಳ ಮುಖವನ್ನೇ ನೋಡುತ್ತಿದ್ದಳು. ನಗು ಮಾಯವಾಗಿ ಕಣ್ಣಲ್ಲಿ ಒಂದು ಅಳುಕು ಬಂದಿತ್ತು. ತೋಳದ ಮುಂದೆ ಬಾರದ ಅಳುಕು ಅದು.

"ಅಲ್ಲ ದುರ್ಗಾ," ಎಂದಳು ಮೆಲ್ಲಗೆ. "ಪರೀಕ್ಷಾದಾಗ ನೀ ಏನಂತ ಬರದಿ? ನಾ ಹೇಳಿದ್ದನ್ನ ನಂಬಿ ಅಂಜಿದ್ಲು ಅಂತ ಬರದಿಲ್ಲಲ್ಲ?"

ದುರ್ಗಾ ತಲೆ ಎತ್ತಿದಳು. ಅವ್ವ ಹೆದರಿದ್ದನ್ನು ಅವಳು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದಳು.

"ಇಲ್ಲವ್ವ," ಎಂದಳು. "ಧೈರ್ಯವಂತಿ ಅಂತನ ಬರದೀನಿ."

"ಖರೆ?"

"ಖರೆ."

ಕರೆವ್ವ ಉಸಿರು ಬಿಟ್ಟು ಎದ್ದು ನಿಂತಳು. ಚಿವುಟಿದ ಕಡಲೆ ಸೊಪ್ಪನ್ನೆಲ್ಲ ಮಗಳ ಉಡಿಗೆ ಸುರಿದು, ಹಾಗಾದರೆ ನೌಕರಿ ಬಂದ ಹಾಗೆಯೇ, ಯಾವಾಗ ಕರೆಯುತ್ತಾರೆ ಎಂದು ಕೇಳಿದಳು.

"ಜಲ್ದಿನ ಕರೀತಾರವ್ವ," ಎಂದಳು ದುರ್ಗಾ.