ಪರದೆಗೆ ಬೆನ್ನು

ಗಂಟಕ್ಕನ ಬಲಗಿವಿಯಿಂದ ಕೀವು ಸೋರಲು ಶುರುವಾಗಿ ಏಳನೇ ವಾರ. ಬೆಳಿಗ್ಗೆ ಏಳುವಾಗ ದಿಂಬಿನ ಮೇಲೆ ಅಂಗೈಯಗಲ ಹಳದಿ ಕಲೆ. ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಇನ್ನೊಂದು ಕಲೆ. ವಾಸನೆ ತನಗೇ ಬರುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಕಡೆ ಹೋದರೆ, 'ನಾನಾಗಿದ್ದರೂ ಎದ್ದು ಹೋಗುತ್ತಿದ್ದೆ' ಎಂದುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಈಚೆಗೆ ಎಡಗಿವಿಯೂ ತುರಿಸುತ್ತಿತ್ತು.

ಗಂಟಕ್ಕ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ಕಡಿದ ಎಳೆಗೆ ಅವಳಷ್ಟು ಬೇಗ ಗಂಟು ಹಾಕುವವರು ಇನ್ನೊಬ್ಬರಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಬಿದ್ದಿರುತ್ತದೆ, ಲಾಳಿ ಮತ್ತೆ ಓಡುತ್ತಿರುತ್ತದೆ. ಇಪ್ಪತ್ತಾರು ವರ್ಷ ಪಳಗಿದ ಕೈ ಅದು. ಒಬ್ಬಳೇ ಮಗಳನ್ನು ಬೆಳೆಸಿ, ದೂರದೂರಿಗೆ ಮದುವೆ ಮಾಡಿ ಕೊಟ್ಟದ್ದೂ ಅದೇ ಕೈ.

ಆ ಶೆಡ್ಡಿನಲ್ಲಿ ನೂರಿಪ್ಪತ್ತು ಮಗ್ಗ. ಒಳಗೆ ಕಾಲಿಟ್ಟರೆ ಎದೆಗೂಡೇ ನಡುಗುವಷ್ಟು ಸದ್ದು. ಹೊಸದಾಗಿ ಬಂದವರು ಒಂದು ತಿಂಗಳು ಕಿರುಚಿ ಕಿರುಚಿ ಗಂಟಲು ಹರಿದುಕೊಳ್ಳುತ್ತಾರೆ. ಆಮೇಲೆ ಬುದ್ಧಿ ಬರುತ್ತದೆ. ದನಿ ಬಿಟ್ಟು ತುಟಿ ಆಡಿಸುವುದನ್ನು ಕಲಿಯುತ್ತಾರೆ. ಎದುರಿನವರ ತುಟಿ ನೋಡಿದರೆ ಸಾಕು, ಮಾತು ತಿಳಿಯುತ್ತದೆ. ಆರು ಮಗ್ಗದ ಆಚೆ ಯಾರ ಅತ್ತೆ ಯಾರಿಗೆ ಏನು ಬೈದಳು ಎಂಬುದನ್ನು ಗಂಟಕ್ಕ ಇಲ್ಲಿಂದಲೇ ಹೇಳಬಲ್ಲಳು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದಾಗ ಅವನ ಹೊಟ್ಟೆಯನ್ನು ಆಡಿಕೊಂಡು ನಗುವುದೂ ಇತ್ತು. ಅವನಿಗೆ ತಿಳಿಯುತ್ತಿರಲಿಲ್ಲ. ಹೆಂಗಸರು ಏನೋ ಅಗಿಯುತ್ತಿದ್ದಾರೆ ಎಂದುಕೊಂಡು ಮುಂದೆ ಹೋಗುತ್ತಿದ್ದ.

ಕಿವಿಗೆ ಅಡ್ಡ ಹಾಕಿಕೊಳ್ಳಲು ಕಂಪನಿ ಏನೂ ಕೊಟ್ಟಿರಲಿಲ್ಲ. ನೆಲದ ಮೇಲೆ ಬಿದ್ದ ಹತ್ತಿಯನ್ನೇ ಉಂಡೆ ಮಾಡಿ ತುರುಕಿಕೊಳ್ಳುತ್ತಿದ್ದರು. ಅದರಲ್ಲಿ ಮಗ್ಗದ ಎಣ್ಣೆಯೂ ಇರುತ್ತಿತ್ತು, ಕಾಲಿನ ಧೂಳೂ ಇರುತ್ತಿತ್ತು.

ಹಿಂದೆ ವಾರಕ್ಕೊಮ್ಮೆ ಒಬ್ಬ ಡಾಕ್ಟರು ಮಿಲ್ಲಿಗೇ ಬರುತ್ತಿದ್ದರು. ಈಗ ಅವರಿಲ್ಲ. ಗೋದಾಮಿನ ಪಕ್ಕದ ಕೋಣೆಯಲ್ಲಿ ಟಿವಿಯಂಥ ಒಂದು ಪರದೆ, ಒಂದು ಕುರ್ಚಿ, ಒಬ್ಬ ಕಾಂಪೌಂಡರ್. ಮಂಗಳವಾರ ಪರದೆಯೊಳಗೆ ಎಲ್ಲೋ ದೂರದ ಊರಿನ ಡಾಕ್ಟರು ಬರುತ್ತಾರೆ. ತಲೆಗೆ ಮೂರು ನಿಮಿಷ.

ಮೊದಲ ಮಂಗಳವಾರ ಗಂಟಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಪರದೆಯಲ್ಲಿ ಕಂಡವನು ಮಗಳ ವಯಸ್ಸಿನವನು. ನಿದ್ದೆಗೆಟ್ಟ ಕಣ್ಣು, ಆದರೆ ನಗುಮುಖ.

"ನಮಸ್ಕಾರ ಅಮ್ಮಾ. ನಾನು ಹೇಳ್ತಿರೋದು ಕೇಳಿಸ್ತಿದೆಯಾ?"

"ಚೆನ್ನಾಗಿ ಕೇಳಿಸ್ತಿದೆ ಡಾಕ್ಟ್ರೇ."

"ಏನು ತೊಂದ್ರೆ?"

"ಕಿವಿ ಸೋರ್ತಿದೆ. ಒಳಗೆ ಉಳಿ ಇಟ್ಟು ಹೊಡೆದ ಹಾಗೆ ನೋವು."

"ಕಾಂಪೌಂಡರೇ, ಕಿವಿ ಕ್ಯಾಮೆರಾ ಇಡಿ, ಒಳಗೆ ನೋಡೋಣ."

"ಅದು ರಿಪೇರಿಗೆ ಹೋಗಿದೆ ಸಾರ್," ಎಂದ ಕಾಂಪೌಂಡರ್. ನೆಲ ನೋಡುತ್ತಾ ಹೇಳಿದ. ಅದು ಎಲ್ಲಿಗೂ ಹೋಗಿರಲಿಲ್ಲ. ಮ್ಯಾನೇಜರ್ ಕೋಣೆಯ ಗಾಜಿನ ಬೀರುವಿನಲ್ಲಿ, ಸುತ್ತಿದ ಪ್ಲಾಸ್ಟಿಕ್ಕನ್ನೂ ಬಿಚ್ಚದೆ, ಬಂದ ಸಾಹೇಬರಿಗೆ ತೋರಿಸಲು ಇಟ್ಟಿದ್ದರು. ನೆಲ ಒರೆಸುವವಳು ದಿನಾ ನೋಡುತ್ತಿದ್ದಳು, ಹಾಗಾಗಿ ಶೆಡ್ಡಿಗೆಲ್ಲ ಗೊತ್ತಿತ್ತು.

"ಸರಿ, ಡ್ರಾಪ್ಸ್ ಬರೀತೀನಿ. ಕಿವಿಗೆ ಹತ್ತಿ ಹಾಕ್ಬೇಡಿ ಅಮ್ಮಾ."

"ದೊಡ್ಡಾಸ್ಪತ್ರೆಗೆ ಒಂದು ಚೀಟಿ ಕೊಟ್ಟುಬಿಡಿ ಡಾಕ್ಟ್ರೇ. ಚೀಟಿ ಇಲ್ದೆ ಅಲ್ಲಿ ನಮ್ಮನ್ನ ಒಳಗೇ ಬಿಡಲ್ಲ."

"ಕಿವಿ ತಮಟೆ ತೂತಾಗಿದ್ದು ಕಾಣ್ಬೇಕು, ಇಲ್ಲಾ ಕಿವಿ ಕೇಳಿಸ್ತಿರಬಾರ್ದು. ಆಗ ಮಾತ್ರ ಚೀಟಿ ಅಂತ ನಿಮ್ಮ ಕಂಪನಿಯವರ ನಿಯಮ. ನಿಮಗೆ ಚೆನ್ನಾಗಿ ಕೇಳಿಸ್ತಿದೆಯಲ್ಲಾ?"

"ಅದೇನೋ ಕೇಳಿಸುತ್ತೆ," ಎಂದಳು. ಸುಳ್ಳು ಹೇಳುವ ಬಾಯಿ ಅವಳದಲ್ಲ.

ಆ ಡಾಕ್ಟರನ್ನು ಗಂಟಕ್ಕ ಬೈಯಲಿಲ್ಲ. ನಿಜ ಹೇಳಬೇಕೆಂದರೆ ಮಂಗಳವಾರಕ್ಕೆ ಕಾಯತೊಡಗಿದಳು. ಅವನು ಒಂದೊಂದೇ ಮಾತನ್ನು ಬಿಡಿಸಿ, ನಿಧಾನವಾಗಿ, ಮುಖ ಕೊಟ್ಟು ಆಡುತ್ತಿದ್ದ. ಅಮ್ಮಾ ಎನ್ನುತ್ತಿದ್ದ. ಬಾಡಿಗೆಯ ಒಂಟಿ ಕೋಣೆ, ಗೋಡೆಗೊರಗಿದ ಚಾಪೆ, ಒಂದು ತಟ್ಟೆ, ಒಂದು ಲೋಟ. ಅಲ್ಲಿ ಅವಳ ಮುಖ ನೋಡಿ ಮಾತಾಡುವವರು ಯಾರಿದ್ದರು? ಮಂಗಳವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬರುತ್ತಿದ್ದಳು.

"ಏನಕ್ಕಾ, ಹೆಣ್ಣು ನೋಡೋಕೆ ಬರ್ತಾರಾ ಇವತ್ತು?" ಎಂದು ಪಕ್ಕದ ಮಗ್ಗದವಳು ತುಟಿಯಲ್ಲೇ ಛೇಡಿಸುತ್ತಿದ್ದಳು.

"ಹೂಂ ಕಣೇ. ಗಂಡು ಪೆಟ್ಟಿಗೇಲಿದೆ, ಹೊರಗೆ ಬರಲ್ಲ ಅಷ್ಟೇ."

ಮಗಳು ಫೋನ್ ಮಾಡಿ ತಿಂಗಳಾಗಿತ್ತು. ಗಂಟಕ್ಕನಿಗೆ ಯಾವಾಗಲೂ ಮುಖ ಕಾಣುವ ಫೋನೇ ಬೇಕು. "ಮುಖ ತೋರ್ಸೇ, ಇಲ್ದಿದ್ರೆ ಮಾತಾಡಿದ ಹಾಗೇ ಅನ್ಸಲ್ಲ," ಎನ್ನುತ್ತಿದ್ದಳು. ಆವತ್ತು ಮಗಳು ಫೋನನ್ನು ಎಲ್ಲೋ ಒರಗಿಸಿ, ಬಟ್ಟೆ ಮಡಿಸುತ್ತಾ ಮಾತಾಡುತ್ತಿದ್ದಳು. ಫೋನಿನಲ್ಲಿ ಕಂಡದ್ದು ಗೋಡೆ ಮಾತ್ರ. ತಾಯಿ ಸ್ವಲ್ಪ ಕಾದು, "ಊಟ ಆಯ್ತೇನೇ?" ಎಂದು ಕೇಳಿದಳು. ಮಗಳು ಸರಕ್ಕನೆ ಮುಂದೆ ಬಂದಳು. ಕಣ್ಣಲ್ಲಿ ನೀರು.

"ಹೊಟ್ಟೆ ಆಪರೇಷನ್ ಮಾಡ್ಬೇಕಂತೆ ಅಂತ ನಾನು ಹೇಳ್ತಾ ಇದೀನಿ. ನಿನಗೆ ಊಟದ ಚಿಂತೆ. ಬಿಡಮ್ಮಾ, ನಿನಗೆ ನನ್ನ ಮಾತು ಯಾವತ್ತು ಬೇಕಿತ್ತು?"

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಫೋನ್ ಸರಿಯಿಲ್ಲವೇನೋ ಎಂದುಕೊಂಡು ಗಂಟಕ್ಕ ಅದನ್ನು ಸೆರಗಿನಿಂದ ಒರೆಸಿದಳು.

ನಾಲ್ಕನೇ ಮಂಗಳವಾರ. ಡಾಕ್ಟರ್ ನಮಸ್ಕಾರ ಹೇಳಿದ. ಅಷ್ಟರಲ್ಲಿ ಪರದೆಯ ಚಿತ್ರ ನಿಂತುಬಿಟ್ಟಿತು. ಬಾಯಿ ಅರ್ಧ ತೆರೆದ ಹಾಗೇ ಇತ್ತು. ಗಂಟಕ್ಕ ಕೈ ಮಡಿಲಲ್ಲಿಟ್ಟು ಕಾದಳು.

ಯಾರೋ ಭುಜ ತಟ್ಟಿದರು. ತಿರುಗಿದರೆ ಕಾಂಪೌಂಡರ್.

"ಏನಮ್ಮಾ, ಗೊಂಬೆ ಹಾಗೆ ಕೂತಿದೀಯಾ? ಆಗಿಂದ ಕೇಳ್ತಾ ಇದಾರೆ, ಉತ್ತರ ಕೊಡು."

"ಎಲ್ಲಿ? ಚಿತ್ರ ನಿಂತಿದೆಯಲ್ಲ."

"ಚಿತ್ರ ನಿಂತ್ರೇನು? ಮಾತು ಬರ್ತಿದೆ."

"ಈಗಲೂ?"

"ಈಗಲೂ! ಇಡೀ ಕೋಣೆಗೆ ಕೇಳ್ತಿದೆ!"

ಗಂಟಕ್ಕ ಪರದೆಯತ್ತ ನೋಡಿದಳು. ಅರ್ಧ ತೆರೆದ ಬಾಯಿ. ಅದರೊಳಗಿಂದ ಏನೂ ಬರಲಿಲ್ಲ. ಹತ್ತಿ ತುಂಬಿದ ಮೂಟೆಯೊಳಗೆ ತಲೆಯಿಟ್ಟ ಹಾಗಿತ್ತು. ಕಾಂಪೌಂಡರ್ ಕಡೆ ತಿರುಗಿದರೆ ಅವನ ಮಾತು ಬರುತ್ತದೆ. ಮುಖ ತಿರುಗಿಸಿದರೆ ಹೋಗುತ್ತದೆ. ಎರಡು ಸಲ ತಿರುಗಿಸಿ ನೋಡಿದಳು. ಆಗ ಗೋಡೆ ನೆನಪಾಯಿತು. ಫೋನಿನಲ್ಲಿ ಕಂಡ, ಮಗಳಿಲ್ಲದ ಆ ಗೋಡೆ.

"ನನಗೆ ಕೇಳಿಸ್ತಾ ಇಲ್ಲ," ಎಂದಳು. "ಬಹಳ ದಿನದಿಂದ ಕೇಳಿಸ್ತಾ ಇಲ್ಲ. ನಾನು ನೋಡ್ತಾ ಇದ್ದೆ. ಕೇಳಿಸ್ತಿದೆ ಅಂದ್ಕೊಂಡಿದ್ದೆ."

ಕಾಂಪೌಂಡರ್ ಅವಳನ್ನು ಮ್ಯಾನೇಜರ್ ಹತ್ತಿರ ಕರೆದೊಯ್ದ. ಮ್ಯಾನೇಜರ್ ಕಂಪ್ಯೂಟರ್ ತೆಗೆದು ನೋಡಿದ.

"ಮೂರು ವಾರ 'ಚೆನ್ನಾಗಿ ಕೇಳಿಸುತ್ತದೆ' ಅಂತ ಇದೆ. ನೀವೇ ಹೇಳಿದ್ದು. ಈಗ ಚೀಟಿ ಬೇಕಾದ ತಕ್ಷಣ ಕಿವುಡು ಬಂತಾ? ನಾವೇನು ಕಿವಿ ಮೇಲೆ ಹೂವ ಇಟ್ಕೊಂಡು ಕೂತಿದೀವಾ?"

"ಸಾರ್, ಬೀರುವಿನಲ್ಲಿ ಕ್ಯಾಮೆರಾ ಇದೆ. ಒಂದ್ಸಲ ಕಿವಿಯೊಳಗೆ ಇಟ್ಟು ನೋಡ್ಸಿ."

"ಅದನ್ನ ಮುಟ್ಟೋಕೆ ತರಬೇತಿ ಆದವರು ಬರ್ಬೇಕು. ಅದಿರ್ಲಿ, ನಾನು ಹೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಡ್ತಿದೀರಲ್ಲ, ಇದು ಯಾವ ಸೀಮೆ ಕಿವುಡು?"

"ನಿಮ್ಮ ಬಾಯಿ ಕಾಣಿಸ್ತಿದೆ ಸಾರ್."

ಮ್ಯಾನೇಜರ್ ನಕ್ಕು, ಕುರ್ಚಿ ತಿರುಗಿಸಿ ಕಿಟಕಿಯತ್ತ ಏನೋ ಹೇಳಿದ. ಕಾಂಪೌಂಡರ್ ನಗುವುದಷ್ಟೇ ಅವಳಿಗೆ ಕಂಡಿತು. ತನ್ನ ಬಗ್ಗೆಯೇ ಇರಬೇಕು. ಏನೆಂದು ತಿಳಿಯಲಿಲ್ಲ.

ಮಾರನೆಯ ದಿನ ಊಟದ ಹೊತ್ತಿನಲ್ಲಿ ನೀರಿನ ತೊಟ್ಟಿಯ ಹತ್ತಿರ ಪಕ್ಕದ ಮಗ್ಗದವಳಿಗೆ ಇದನ್ನೆಲ್ಲ ಹೇಳಿದಳು. ಅವಳು ನಂಬಲಿಲ್ಲ.

"ಸುಮ್ನಿರಕ್ಕಾ, ನಿನಗೆ ಕೇಳ್ದೆ ನನಗೆ ಕೇಳುತ್ತಾ? ನನ್ನ ಕಿವಿನೂ ಸೋರ್ತಿದೆ. ನಾನೇನು ಕಿವುಡೀನಾ?"

"ಹಾಗಾದ್ರೆ ಆ ಕಡೆ ತಿರುಗಿ ನಿಂತ್ಕೋ."

ಅವಳು ತಿರುಗಿದಳು. ಗಂಟಕ್ಕ ಅವಳ ಬೆನ್ನಿಗೆ, "ನಿನ್ನ ಡಬ್ಬಿ ಅನ್ನ ನಾಯಿ ತಿಂತಾ ಇದೆ," ಎಂದಳು. ಸುತ್ತಲಿನವರು ನಕ್ಕರು. ಅವಳು ಅಲುಗಲಿಲ್ಲ. ಗಂಟಕ್ಕ ಇನ್ನೂ ಗಟ್ಟಿಯಾಗಿ ಕೂಗಿದಳು. ಅಲುಗಲಿಲ್ಲ. "ಶುರು ಮಾಡಕ್ಕಾ, ಎಷ್ಟು ಹೊತ್ತು?" ಎಂದಳು ಆ ಕಡೆ ನೋಡುತ್ತಲೇ.

ನಗು ನಿಂತಿತು.

ಆಮೇಲೆ ಒಬ್ಬೊಬ್ಬರೇ ಬಂದು ತಿರುಗಿ ನಿಂತರು. ಕೆಲವರು ಆಟದಂತೆ ಬಂದರು, ಕೆಲವರು ಕೈ ಹಿಸುಕಿಕೊಳ್ಳುತ್ತಾ ಬಂದರು. ಗಂಟಕ್ಕನನ್ನೂ ಸೇರಿಸಿ ಹದಿನಾಲ್ಕು ಜನರಲ್ಲಿ ಮೂವರು ಮಾತ್ರ ಕರೆದಾಗ ಹಿಂದಿರುಗಿ ನೋಡಿದರು. ಉಳಿದವರು ಹಿಂದಿರುಗಿದ್ದು ಯಾರೋ ಮುಟ್ಟಿದ ಮೇಲೆ. ಹಿಂದಿರುಗಿ ಎಲ್ಲರ ಮುಖ ನೋಡುತ್ತಿದ್ದರು. ಆ ಮುಖಗಳಲ್ಲೇ ಉತ್ತರ ಇತ್ತು.

"ನನ್ನ ಗಂಡ ಅಂತಿದ್ದ, ಕರೆದ್ರೂ ತಿರುಗಲ್ಲ, ನಿನಗೆ ಕೊಬ್ಬು ಅಂತ," ಎಂದಳು ಒಬ್ಬಳು.

ವಾರವಿಡೀ ಶೆಡ್ಡಿನಲ್ಲಿ ತುಟಿಗಳು ಆಡಿದವು. ಮಗ್ಗದಿಂದ ಮಗ್ಗಕ್ಕೆ ಮಾತು ಹೋಯಿತು. ಮೇಸ್ತ್ರಿ ನಡುವೆಯೇ ಓಡಾಡುತ್ತಿದ್ದ. ಏನೋ ಅಗಿಯುತ್ತಿದ್ದಾರೆ ಎಂದುಕೊಂಡ.

ಮಂಗಳವಾರ ಹತ್ತು ಗಂಟೆಗೆ ಹನ್ನೊಂದು ಮಗ್ಗ ಒಟ್ಟಿಗೆ ನಿಂತವು. ಹನ್ನೊಂದು ಹೆಂಗಸರು ಕೋಣೆಗೆ ನಡೆದರು.

"ಏಯ್, ಇದೇನು ಜಾತ್ರೆನಾ? ಒಬ್ಬೊಬ್ಬರೇ ಬನ್ನಿ!" ಎಂದು ಕಾಂಪೌಂಡರ್ ಬಾಗಿಲಿಗೆ ಅಡ್ಡ ನಿಂತ.

"ಎಲ್ಲರದ್ದೂ ಒಂದೇ ರೋಗ ಕಣಪ್ಪಾ. ನಿನ್ನ ಮೂರು ನಿಮಿಷದಲ್ಲೇ ಮುಗಿಯುತ್ತೆ," ಎಂದು ಗಂಟಕ್ಕ ಅವನ ತೋಳಿನ ಕೆಳಗೆ ನುಗ್ಗಿದಳು.

ಪರದೆಯಲ್ಲಿ ಡಾಕ್ಟರ್ ಬಂದ. ಇಷ್ಟು ಜನರನ್ನು ಕಂಡು ಹುಬ್ಬೇರಿಸಿ ನಕ್ಕ. "ನಮಸ್ಕಾರ ಅಮ್ಮಾ," ಎಂದ. ಗಂಟಕ್ಕ ಆ ಮುಖವನ್ನು ಒಂದು ಗಳಿಗೆ ನೋಡಿದಳು. ಇವತ್ತೂ ತಲೆ ಬಾಚಿಕೊಂಡೇ ಬಂದಿದ್ದಳು.

"ಡಾಕ್ಟ್ರೇ, ನಾವು ನಿಮ್ಮ ಬಾಯಿ ನೋಡಿ ಉತ್ತರ ಹೇಳ್ತಿದ್ವಿ. ನೀವು ಕೇಳಿಸುತ್ತೆ ಅಂತ ಬರ್ಕೊಂಡ್ರಿ. ತಪ್ಪು ನಿಮ್ಮದೂ ಅಲ್ಲ, ನಮ್ಮದೂ ಅಲ್ಲ. ಕ್ಯಾಮೆರಾ ರಿಪೇರಿಗೆ ಹೋಗಿಲ್ಲ, ಮ್ಯಾನೇಜರ್ ಬೀರುವಿನಲ್ಲಿದೆ. ಈಗ ಕೇಳಿ, ಏನು ಬೇಕಾದ್ರೂ ಕೇಳಿ."

ಎಂದವಳೇ ಪರದೆಗೆ ಬೆನ್ನು ಮಾಡಿ ನೆಲದ ಮೇಲೆ ಕೂತಳು. ಉಳಿದ ಹತ್ತು ಬೆನ್ನುಗಳೂ ತಿರುಗಿದವು.

ಕೋಣೆಯಲ್ಲಿ ಏನಾಯಿತೋ ಅವರಿಗೆ ಗೊತ್ತಿಲ್ಲ. ಎದುರಿಗಿದ್ದದ್ದು ಬಾಗಿಲಲ್ಲಿ ನಿಂತ ಕಾಂಪೌಂಡರನ ಮುಖ ಒಂದೇ. ಅದು ಮೊದಲು ಸಿಟ್ಟಾಯಿತು. ಆಮೇಲೆ ಪರದೆಯನ್ನೂ ಇವರನ್ನೂ ನೋಡಿತು, ಮತ್ತೆ ಪರದೆ, ಮತ್ತೆ ಇವರು. ಹನ್ನೊಂದು ಜನರಲ್ಲಿ ಒಬ್ಬರ ರೆಪ್ಪೆಯೂ ಮಿಸುಕದ್ದನ್ನು ಅವನು ನೋಡಿದ. ಅವನ ಮುಖದ ಬಣ್ಣ ಇಳಿಯಿತು. ನಿಧಾನವಾಗಿ ಬಂದು ಗಂಟಕ್ಕನ ಎದುರು ಕುಕ್ಕರಗಾಲಲ್ಲಿ ಕೂತ. ಅವಳಿಗೆ ಕಾಣುವ ಹಾಗೆ ಬಾಯಿ ಬಿಡಿಸಿ ಹೇಳಿದ.

"ಅಮ್ಮಾ ಅಮ್ಮಾ ಅಂತ ಕರೀತಾನೇ ಇದಾರೆ. ಒಂದ್ಸಲ ತಿರುಗಿ ನೋಡಮ್ಮಾ."

ಅಮ್ಮಾ ಎನ್ನುವಾಗ ಡಾಕ್ಟರನ ತುಟಿ ಹೇಗೆ ಕೂಡುತ್ತದೆಂದು ಗಂಟಕ್ಕನಿಗೆ ಗೊತ್ತಿತ್ತು. ಕುತ್ತಿಗೆ ತಾನಾಗಿ ತಿರುಗಲು ಹೊರಟಿತು. ಪಕ್ಕದ ಮಗ್ಗದವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕರೀಲಿ," ಎಂದಳು. "ಕೇಳಿಸಲ್ಲ ಅಂತ ಬರೆಯೋವರೆಗೂ ಕರೀಲಿ."