ಶುಕ್ರವಾರದ ಬಾಂಗಿಗೆ ದೇವರ ನೀರು

ಡೆಂಗಿಯಿಂದ ಚೇತರಿಸಿಕೊಂಡ ಮೊಮ್ಮಗಳು ಹುಯಿ ಮಿನ್ ಮಧ್ಯಾಹ್ನ ಆಸ್ಪತ್ರೆಯಿಂದ ಬರುವವಳಿದ್ದಳು. ಇನ್ನೊಮ್ಮೆ ಬಂದರೆ ಮೊದಲಿಗಿಂತ ಜೋರಾಗಬಹುದು ಎಂದ ಡಾಕ್ಟರ ಮಾತು ಗೈಕ್ ಹೂನ್ ಅಜ್ಜಿಯ ಎದೆಯಲ್ಲಿ ಮುಳ್ಳಾಗಿ ನಿಂತಿತ್ತು. ಪಿನಾಂಗಿನಲ್ಲಿ ಅವರಿದ್ದ ಎತ್ತರದ ಕಟ್ಟಡಕ್ಕೆ ಬೆಳಿಗ್ಗೆಯೇ ಸೊಳ್ಳೆ ಮದ್ದಿನ ಹೊಗೆ ಹೊಡೆದು ಹೋಗಿದ್ದರು. ಹಾರುವ ಸೊಳ್ಳೆಯೇನೋ ಸತ್ತೀತು, ನಿಂತ ನೀರಲ್ಲಿರುವ ಅದರ ಮರಿಗಳು? ಅಜ್ಜಿ ನೆರೆಮನೆಗಳ ಮೇಲೆ ದಂಡೆತ್ತಿ ಹೊರಟಿದ್ದಳು.

"ಹೂಕುಂಡದ ತಟ್ಟೆ ತೋರಿಸು, ಪವಳಮ್ಮ!"

"ಎಷ್ಟು ಸಲ ತೋರಿಸ್ಲಿ? ಇನ್ನು ನನ್ನ ಬಾಯಿ ತೆಗೆಸಿ ನೋಡು!" ಎಂದಳು ಪಕ್ಕದ ಮನೆಯ ಪವಳಮ್ಮ.

ಕಟ್ಟಡದ ಆರೋಗ್ಯ ಕಾರ್ಯಕರ್ತೆ ರೊಕಿಯಾ ಟಾರ್ಚು ಹಿಡಿದು ನಕ್ಕಳು. "ಎಲ್ಲರದ್ದೂ ಆಯ್ತು ಅಕ್ಕಾ, ನಿಮ್ಮ ಮನೆ?"

"ನನ್ನ ಮನೇಲಿ ನಿಂತ ನೀರೇ ಇಲ್ಲ ಕಣೇ!"

ರೊಕಿಯಾ ಅಜ್ಜಿಯ ಮನೆ ಹೊಕ್ಕು ದೇವರ ಗೂಡಿನ ಹೂದಾನಿಯೊಳಗೆ ಬೆಳಕು ಬಿಟ್ಟಳು. ಮರಿಗಳು ಮಿಲಮಿಲ ಕುಣಿಯುತ್ತಿದ್ದವು.

"ಅದು ಕ್ವಾನ್ ಇಮ್ ತಾಯಿಯ ನೀರು! ಅಮಾವಾಸ್ಯೆ, ಹುಣ್ಣಿಮೆಗೆ ತಪ್ಪದೆ ಬದಲಾಯಿಸ್ತೀನಿ."

"ಅಷ್ಟರಲ್ಲಿ ಇವು ಸಂಸಾರ ಹೂಡಿರ್ತವೆ. ವಾರಕ್ಕೊಮ್ಮೆ ಚೆಲ್ಲಬೇಕು ಅಕ್ಕಾ."

ಅಜ್ಜಿಯ ಮುಖ ಬಿಳಿಚಿತು. ಈ ಕಟ್ಟಡದ ಚೀನೀ ಮನೆಗಳಲ್ಲೆಲ್ಲ ಇದೇ ಹೂದಾನಿ, ಇದೇ ಪದ್ಧತಿ! ನಾಲ್ಕು ಭಾಷೆಯ ಕರಪತ್ರ ಬಾಗಿಲು ಬಾಗಿಲಿಗೂ ಬಂದಿತ್ತು. ಟಯರು, ಬಕೆಟ್ಟಿನ ಚಿತ್ರವಿತ್ತು, ದೇವರ ಗೂಡಿನದಿರಲಿಲ್ಲ.

"ನಾನು ಹೇಳಿದ್ರೆ ನಮ್ಮ ದೇವರ ತಂಟೆಗೆ ಬಂದ್ಲು ಅಂತಾರೆ," ಎಂದಳು ರೊಕಿಯಾ.

"ನಾನು ಹೇಳ್ತೀನಿ! ಆದ್ರೆ ವಾರ ವಾರ ನೆನಪಿಡೋರು ಯಾರು?"

"ನಾನು ಶುಕ್ರವಾರ ದೀಪ ತೊಳೀತೀನಲ್ಲ," ಪವಳಮ್ಮ ಬಾಗಿಲಿಂದಲೇ ಕೂಗಿದಳು, "ನನಗೆ ಇವಳ ಮಸೀದಿಯ ಮಧ್ಯಾಹ್ನದ ಬಾಂಗೇ ಗಡಿಯಾರ!"

ಅಜ್ಜಿ ಚಪ್ಪಾಳೆ ತಟ್ಟಿದಳು. "ಇವತ್ತೇ ಶುಕ್ರವಾರ! ಬನ್ರೇ!"

ಮೂವರೂ ಮಹಡಿ ಮಹಡಿ ಹತ್ತಿದರು. ಅಜ್ಜಿ ತನ್ನ ಹೂದಾನಿಯನ್ನೇ ಎತ್ತಿ ತೋರಿಸಿದಳು. "ನನ್ನ ಮನೇದೇ ಇದು, ನೋಡ್ರೇ! ತಾಯಿಗೆ ಹಳಸಿದ ನೀರಿಟ್ಟು ಸೊಳ್ಳೆ ಸಾಕಿದ್ದೀನಿ. ಶುಕ್ರವಾರದ ಬಾಂಗ್ ಕೇಳಿತೋ, ಚೆಲ್ಲಿ ಹೊಸ ನೀರಿಡಿ!" ನಕ್ಕವರು ನಕ್ಕರು, ಒಪ್ಪಿದವರೇ ಹೆಚ್ಚು. ನಾಲ್ಕನೇ ಮಹಡಿಯ ಮುದುಕಿ ಲೆಂಗಕ್ಕ ಮಾತ್ರ, "ಹುಣ್ಣಿಮೆ ಬರಲಿ," ಎಂದು ಬಾಗಿಲು ಹಾಕಿಕೊಂಡಳು.

ಬಾಂಗ್ ಎದ್ದಿತು. ಕಟ್ಟಡದ ತುಂಬ ಚಿಲಕಗಳ ಸದ್ದು, ನೀರಿನ ಸದ್ದು! ಅದೇ ಹೊತ್ತಿಗೆ ಟ್ಯಾಕ್ಸಿ ಬಂತು. ಅಜ್ಜಿ ಓಡಿಹೋಗಿ ಅದರ ಬಾಗಿಲಿಗೆ ಅಡ್ಡ ನಿಂತಳು.

"ಇಳೀಬೇಡ ಮಗಳೇ! ಲೆಂಗಕ್ಕಾ, ನಿನ್ನ ಹೂದಾನಿಗೋಸ್ಕರ ನನ್ನ ಮಗು ಬಿಸಿಲಲ್ಲಿ ಬೇಯ್ತಿದೆ!"

ಮೇಲಿನ ಕಿಟಕಿ ತೆರೆಯಿತು. "ಬೀದಿಗೆಲ್ಲ ನನ್ನ ಹೆಸರು ಸಾರಬೇಡ್ವೇ!" ಎನ್ನುತ್ತ ಲೆಂಗಕ್ಕ ಹೂದಾನಿ ಬೋರಲು ಹಾಕಿದಳು. ನೀರು ನೇರ ಟ್ಯಾಕ್ಸಿಯ ನೆತ್ತಿಗೆ. ಚಾಲಕ ಬೈಯತೊಡಗಿದ, ಹುಯಿ ಮಿನ್ ಕಿಲಕಿಲ ನಕ್ಕಳು.

ಎಷ್ಟೋ ದಿನದ ಮೇಲೆ ಕೇಳಿದ ನಗು. ಅಜ್ಜಿ ಬಾಗಿಲು ತೆರೆದು ತೋಳು ಚಾಚಿದಳು. "ಈಗ ಬಾ, ನನ್ನ ಬಂಗಾರ."