ಸಾದಾ ನೀರಿನ ಸಾಲು

ಒಬ್ಬಳೇ ಅತ್ತೆಯ ಇಬ್ಬರು ಅಳಿಯಂದಿರೂ ಒಂದೇ ಪ್ರಯೋಗಾಲಯದಲ್ಲಿ ಮುದಿ ಇಲಿ ಸಾಕುತ್ತಿದ್ದರು. ಕೆಲಸ ಒಂದೇ, ಹೊಗಳಿಕೆ ಮಾತ್ರ ಚಿಕ್ಕಳಿಯನಿಗೆ. ಮನೆಯಲ್ಲೂ ಅದೇ ಕತೆ. ಅವನು ಕೆಮ್ಮಿದರೆ ಅತ್ತೆ ಬಿಸಿನೀರು ಹಿಡಿದು ಓಡುತ್ತಾಳೆ. ದೊಡ್ಡಳಿಯ ಜಾರಿಬಿದ್ದು ಕಾಲು ಮುರಿದುಕೊಂಡಾಗ, "ನೋಡ್ಕೊಂಡು ನಡೀಬಾರ್ದಾ?" ಅಂದಿದ್ದಳು.

ಚಿಕ್ಕಳಿಯನ ಸಾಲಿನ ಪಂಜರಗಳಿಗೆ ನೀಲಿ ಮುಚ್ಚಳದ ಬಾಟಲಿ, ಅದರಲ್ಲಿ ಆಂಟಿಆಕ್ಸಿಡೆಂಟ್ ಪುಡಿ ಕಲಸಿದ ನೀರು. ವಯಸ್ಸಾದ ಮೈ ಒಳಗೊಳಗೇ ತುಕ್ಕು ಹಿಡಿಯೋದನ್ನು ಅದು ತಡೆಯುತ್ತದಂತೆ, ಹೃದಯದ ಮಾಂಸಕ್ಕೆ ಆಮ್ಲಜನಕ ಚೆನ್ನಾಗಿ ಸಿಗುತ್ತದಂತೆ. ದೊಡ್ಡಳಿಯನ ಸಾಲಿಗೆ ಬಿಳಿ ಮುಚ್ಚಳ, ಸಾದಾ ನೀರು. ತಿಂಗಳಿಗೊಮ್ಮೆ, ಪ್ರಯೋಗ ನಡೆಸುವ ಡಾಕ್ಟರಮ್ಮ ಎರಡೂ ಸಾಲಿನ ಒಂದಷ್ಟು ಇಲಿಗಳಿಗೆ ಅರಿವಳಿಕೆ ಕೊಟ್ಟು, ಹೃದಯಕ್ಕೆ ಕೂದಲಿನಂಥ ಸೂಜಿ ಇಳಿಸಿ, ಪರದೆಯ ಮೇಲೆ ಆಮ್ಲಜನಕದ ಅಂಕಿ ಓದುತ್ತಿದ್ದರು. ನೀಲಿ ಸಾಲಿನ ಅಂಕಿ ಏರುತ್ತಿತ್ತು. "ಭೇಷ್" ಅನ್ನುವಾಗ ಅವರ ಕಣ್ಣು ಚಿಕ್ಕಳಿಯನ ಮೇಲೆ.

ದೊಡ್ಡಳಿಯನ ಹೊಟ್ಟೆಗೆ ಬೆಂಕಿ ಬಿತ್ತು. ಪ್ರಯೋಗ ಮುಗಿದ ಮೇಲೆ ಕಾಯಂ ಆಗೋದು ಇಬ್ಬರಲ್ಲಿ ಒಬ್ಬನೇ. ಔಷಧಿ ಕುಡಿಸಿ ಗೆಲ್ಲೋದು ಯಾವ ದೊಡ್ಡಸ್ತಿಕೆ? ನನ್ನ ಇಲಿಗಳೂ ಕುಡೀಲಿ, ನೋಡೇ ಬಿಡೋಣ. ಮರುದಿನದಿಂದ, ಚಿಕ್ಕಳಿಯ ಊಟಕ್ಕೆಂದು ಕೈ ತೊಳೆಯಲು ಹೋದಾಗಲೆಲ್ಲ, ಅವನ ಡಬ್ಬದಿಂದ ಬಿಳಿ ಮುಚ್ಚಳದ ಬಾಟಲಿಗಳಿಗೆ ಒಂದೊಂದು ಚಮಚ ಪುಡಿ ಬೀಳತೊಡಗಿತು.

ಎರಡು ತಿಂಗಳಲ್ಲಿ ಬಿಳಿ ಸಾಲಿನ ಅಂಕಿಯೂ ಏರಿತು. ಡಾಕ್ಟರಮ್ಮ ಇಬ್ಬರನ್ನೂ ಕರೆದರು. ದೊಡ್ಡಳಿಯ ತಲೆ ಬಾಚಿಕೊಂಡು ಹೋದ.

"ಎರಡೂ ಸಾಲು ಒಂದೇ ಆಗಿಬಿಟ್ಟಿದೆ," ಅಂದರು ಅವರು. "ಸಾದಾ ನೀರಿನವು ಸಾದಾ ಉಳಿದ್ರೆ ತಾನೇ ಔಷಧಿ ಕೆಲಸ ಮಾಡ್ತು ಅನ್ನೋಕಾಗೋದು? ವರ್ಷದ ದುಡಿಮೆ ಹೊಳೇಲಿ ಹುಣಸೇಹಣ್ಣು ತೊಳೆದಂಗಾಯ್ತು. ಆ ಸಾದಾ ಸಾಲೇ ಮುಖ್ಯ ಅಂತ ನಿಮ್ಮಿಬ್ಬರಲ್ಲಿ ದೊಡ್ಡವರ ಕೈಗೆ ಕೊಟ್ಟಿದ್ದೆ." ಆಮೇಲೆ ಚಿಕ್ಕಳಿಯನ ಕಡೆ ತಿರುಗಿದರು. "ಪುಡಿ ಡಬ್ಬ ನಿಮ್ಮ ಹತ್ರ ಇತ್ತು. ಮರೆತು ಬಿಳಿ ಬಾಟಲಿಗೂ ಹಾಕಿಬಿಟ್ರಾ?"

ಬಾಯಿಗೆ ಬೀಗ ಹಾಕಿಕೊಂಡು ನಿಂತರೆ ಸಾಕು, ಕೆಲಸ ದೊಡ್ಡಳಿಯನದೇ.

ಚಿಕ್ಕಳಿಯ ಅವನ ಅಂಗಿಯ ತೋಳು ನೋಡಿದ. ಅಲ್ಲಿ ಪುಡಿ ಅಂಟಿತ್ತು. ಕಣ್ಣು ತೆಗೆದು, "ನನ್ನಿಂದಲೇ ಆಗಿರ್ಬೇಕು ಮೇಡಂ. ಅಣ್ಣಂದೇನೂ ತಪ್ಪಿಲ್ಲ," ಅಂದ.

ಡಾಕ್ಟರಮ್ಮನ ಮುಖ ಮೆತ್ತಗಾಯಿತು. "ಕೆಲಸ ಉಳಿಯಲ್ಲ. ಆದ್ರೂ ಒಪ್ಕೊಂಡ್ರಲ್ಲ, ಅಂಥ ಮನಸ್ಸು ಎಷ್ಟು ಜನಕ್ಕಿರುತ್ತೆ?"

ಸಂಜೆಗೆ ಈ ಮಾತು ಮನೆ ಮುಟ್ಟುತ್ತದೆ. ನನ್ನ ಚಿಕ್ಕಳಿಯ ಅಪರಂಜಿ ಅಂತ ಅತ್ತೆ ಬೀದಿಗೆಲ್ಲ ಸಾರುತ್ತಾಳೆ. ಈ ಹೊಗಳಿಕೆಯೂ ಅವನ ಪಾಲಿಗೇ?

"ಅವನ ಕೈಲಿ ಇದೆಲ್ಲಿ ಆಗುತ್ತೆ ಮೇಡಂ," ದೊಡ್ಡಳಿಯ ಹಲ್ಲು ಕಚ್ಚಿ ಅಂದ. "ದಿನಾ ಒಂದೊಂದು ಚಮಚ, ಎರಡು ತಿಂಗಳು. ಹಾಕಿದ್ದು ನಾನು. ಒಂದು ದಿನಾನೂ ತಪ್ಪಿಸಿಲ್ಲ."